ತೊರೆಗೆ ದಾರಿ ಬಿಟ್ಟುಕೊಟ್ಟವರಿಗೆ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಉತ್ತರದ ತುದಿ, ಹಾರ್ಲೆಮ್ ಮೀರ್ ಕೆರೆಯ ದಂಡೆ. 2025ರ ಏಪ್ರಿಲ್‌ನಲ್ಲಿ ಅಲ್ಲಿ ಈಜು, ಸ್ಕೇಟಿಂಗ್‌ಗಳ ಹೊಸ ತಾಣ ಡೇವಿಸ್ ಸೆಂಟರ್ ತೆರೆಯಿತು. ಈ ಕಡೆ ವಾಸವಿರುವ ಕನ್ನಡದ ಒಂದು ಕುಟುಂಬವಾಗಿ ನಾವು ಕೆಲವರಿಗೆ ಬಾಯಿ ತುಂಬ ಕೃತಜ್ಞತೆ ಹೇಳಲೇಬೇಕು.

ಮೊದಲು ಇದೇ ಜಾಗದಲ್ಲಿದ್ದ, 1966ರಲ್ಲಿ ಕಟ್ಟಿದ ಲಾಸ್ಕರ್ ಈಜುಕೊಳ, ತೊರೆ ಬಂದು ಕೆರೆ ಸೇರುವ ಜಾಗಕ್ಕೇ ಅಡ್ಡವಾಗಿತ್ತು. ನೀರು ನೆಲದಡಿಯ ಕೊಳವೆಯಲ್ಲಿ ಹರಿಯಬೇಕಾಗಿತ್ತು. ಅದನ್ನು ಕೆಡವಿದ ಮೇಲೆ, ಈಗ ಹಡಲ್‌ಸ್ಟೋನ್ ಎಂಬ ಕಲ್ಲಿನ ಕಮಾನಿನಡಿ ಹಾದುಬರುವ ನೀರು ಬಿಸಿಲು ಕಾಣುತ್ತಲೇ ಕೆರೆಗಿಳಿಯುತ್ತದೆ. ಹೊಸ ಕಟ್ಟಡ ಗುಡ್ಡದ ಮಗ್ಗುಲಲ್ಲಿ ಅಡಗಿದೆ, ಅದರ ನೆತ್ತಿಯ ಮೇಲೂ ಹಸಿರು. ಬೇಸಿಗೆಯಲ್ಲಿ ಈಜು, ಚಳಿಗಾಲದಲ್ಲಿ ಸ್ಕೇಟಿಂಗ್, ನಡುವಿನ ತಿಂಗಳುಗಳಲ್ಲಿ ಅದೇ ಜಾಗ ಹುಲ್ಲುಹಾಸು. ಬೇಸಿಗೆಯ ಈಜಿಗೆ ದುಡ್ಡು ಕೊಡಬೇಕಿಲ್ಲ.

ಖರ್ಚು ಸುಮಾರು 16 ಕೋಟಿ ಡಾಲರ್. ಅದರಲ್ಲಿ 6 ಕೋಟಿ ನಗರಾಡಳಿತದ್ದು, 10 ಕೋಟಿ, ಪಾರ್ಕನ್ನು ನೋಡಿಕೊಳ್ಳುವ ಖಾಸಗಿ ಸಂಸ್ಥೆ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ದಾನಿಗಳಿಂದ ಕೂಡಿಸಿದ್ದು. ದೊಡ್ಡ ಕೈಯಿಂದ ಕೊಟ್ಟವರಿಗೆ ನಮಸ್ಕಾರ. ವಿನ್ಯಾಸದ ಸಭೆಗಳಿಗೆ ಬಂದು ತಮಗೇನು ಬೇಕೆಂದು ಗಟ್ಟಿಯಾಗಿ ಹೇಳಿದ ಹಾರ್ಲೆಮ್‌ನ ನೆರೆಯವರಿಗೂ ಅಷ್ಟೇ ದೊಡ್ಡ ನಮಸ್ಕಾರ.

ಈ ಋಣ ಹಳೆಯದು. 1975ರ ಹೊತ್ತಿಗೆ ಈ ಊರು ದಿವಾಳಿಯ ಅಂಚಿಗೆ ಬಂದಿತ್ತು. ಪಾರ್ಕಿನ ಕೆಲಸಗಾರರನ್ನು ಕಡಿತ ಮಾಡಿದ್ದರು, ಶೀಪ್ ಮೆಡೋ ಹುಲ್ಲುಗಾವಲು ಬರೀ ಧೂಳಾಗಿತ್ತು. ಆಗ ಎಲಿಜಬೆತ್ ಬಾರ್ಲೊ ರಾಜರ್ಸ್ ಅವರು ಮುಂದೆ ನಿಂತು, 1980ರಲ್ಲಿ ಕನ್ಸರ್ವೆನ್ಸಿ ಹುಟ್ಟಿತು. 1998ರಲ್ಲಿ ನಗರದೊಂದಿಗೆ ಒಪ್ಪಂದವಾಗಿ 843 ಎಕರೆಯ ನಿತ್ಯದ ಆರೈಕೆ ಅಧಿಕೃತವಾಗಿ ಅದರ ಹೆಗಲಿಗೆ ಬಂತು. ನೆಲ ಮಾತ್ರ ಇಂದಿಗೂ ಊರಿನದೇ. ಖಾಸಗಿ ಹಣ ಇಷ್ಟು ಬಂದರೂ ಒಳಗೆ ಕಾಲಿಡಲು ಯಾರೂ ಟಿಕೆಟ್ ಕೇಳುವುದಿಲ್ಲ. ಆ ಒಪ್ಪಂದ ಬರೆದವರನ್ನು ನಾನು ಎಲ್ಲರಿಗಿಂತ ಹೆಚ್ಚಾಗಿ ನೆನೆಯುತ್ತೇನೆ.

ಇನ್ನು ತೋಟಗಾರರು. ಪಾರ್ಕನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯದ ಹೊಣೆಯನ್ನು ಒಬ್ಬೊಬ್ಬರಿಗೆ ವಹಿಸಿದ್ದಾರೆ. ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ. ಕಳೆ ಕೀಳುವ, ಕಸ ಎತ್ತುವ, ಕುಡಿಯುವ ನೀರಿನ ನಲ್ಲಿ ರಿಪೇರಿ ಮಾಡುವ ಕೆಲಸಕ್ಕೆ ವರ್ಷ ವರ್ಷವೂ ಕೊಡುವವರು ಸಿಗುವುದು ಕಷ್ಟ. ಹಾಗೆ ಕೊಡುತ್ತ ಬಂದ, ಯಾವ ಕಲ್ಲಿನ ಮೇಲೂ ಹೆಸರಿಲ್ಲದ ಸಣ್ಣ ದಾನಿಗಳೇ, ಈ ಪಾರ್ಕು ಉಳಿದದ್ದು ನಿಮ್ಮಿಂದ.

2020ರ ವಸಂತದಲ್ಲಿ ಈಸ್ಟ್ ಮೆಡೋ ಮೇಲೆ ಕೋವಿಡ್ ರೋಗಿಗಳ ಡೇರೆ ಆಸ್ಪತ್ರೆ ಎದ್ದಾಗಲೂ ಪಾರ್ಕು ತೆರೆದೇ ಇತ್ತು. ಮನೆಯೊಳಗೆ ಉಸಿರು ಕಟ್ಟಿದಂತಾಗಿದ್ದ ನಮಗೆ ಅದೇ ಜಗಲಿ. ಊರಿಂದ ಬಂದು ಆರು ತಿಂಗಳು ಫ್ಲ್ಯಾಟಿನಲ್ಲೇ ಕಳೆಯುವ ಅಪ್ಪ ಅಮ್ಮಂದಿರಿಗೆ ಇಂದಿಗೂ ಅದೇ ಆಸರೆ.

ಈ ಊರಿನ ಎಷ್ಟೋ ಪಾರ್ಕುಗಳಿಗೆ ಇಂಥ ಸಿರಿವಂತ ನೆರೆಹೊರೆ ಇಲ್ಲ. ಅವುಗಳಿಗೆ ನಗರದ ಬೊಕ್ಕಸವೇ ಗತಿ, ಆ ಪಾಲು ಕಡಿಮೆಯಾಗದಿರಲಿ ಎಂದು ಇದೇ ಉಸಿರಿನಲ್ಲಿ ಕೇಳಿಕೊಳ್ಳುತ್ತೇನೆ. ಉತ್ತರ ತುದಿಯ ತೋಟಗಾರರೇ, ಎಲೆ ಗುಡಿಸಲು, ಸಸಿ ನೆಡಲು ಜನ ಬೇಕಾದಾಗ ಕರೆಯಿರಿ. ನಾವು ಮನೆಮಂದಿಯೆಲ್ಲ ಬರುತ್ತೇವೆ.