‘ಅವರವರ ರುಚಿ’ ಅಂತ ಬರೆದು ಕೈ ತೊಳೆದುಕೊಳ್ಳಬೇಡ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ‘ವನ್ಸ್ ಅಪಾನ್ ಎ ಟೈಮ್’ ಅನ್ನುವ 2017ರ ಆ ಚೀನೀ ಸಿನಿಮಾ ಬಗ್ಗೆ ನೋಡಿದವರು ಏನೇನು ಹೇಳಿದ್ದಾರೆ ಅಂತ ಹುಡುಕಿ ಹೆಕ್ಕಿ ತಂದಿದ್ದೀಯ. ಶ್ರಮ ಕಾಣುತ್ತದೆ. ಆದರೆ ಕೊನೆಗೆ ಬಂದು “ಕೆಲವರಿಗೆ ಇಷ್ಟವಾಯಿತು, ಕೆಲವರಿಗೆ ಆಗಲಿಲ್ಲ, ಅವರವರ ರುಚಿ” ಅಂದುಬಿಟ್ಟಿದ್ದೀಯಲ್ಲ, ಅಲ್ಲಿ ನನಗೆ ಸಿಟ್ಟೇ ಬಂತು. ಆ ಸಾಲನ್ನು ಯಾವ ಸಿನಿಮಾ ಕೆಳಗೆ ಬರೆದರೂ ನಡೆಯುತ್ತದೆ. ಸಿನಿಮಾ ನೋಡದೆ ಬರೆದರೂ ನಡೆಯುತ್ತದೆ!

ಜನ ಏನು ಹೇಳಿದರು ಅನ್ನುವುದಕ್ಕಿಂತ, ಹೇಳಿದವರು ಏನು ನೋಡಿಕೊಂಡು ಬಂದಿದ್ದರು ಅಂತ ಮೊದಲು ಕೇಳು. ಈ ಸಿನಿಮಾ ವಿಷಯದಲ್ಲಂತೂ ಅದೇ ಮುಖ್ಯ. ಮೂಲ ತಾಂಗ್ ಚಿ ಬರೆದ ಕಾದಂಬರಿ. ಅದೇ ಕಾದಂಬರಿಯ ಟಿವಿ ಸರಣಿ 2017ರ ಜನವರಿಯಲ್ಲಿ ಶುರುವಾಗಿ 58 ಕಂತು ಓಡಿತು, ಯಾಂಗ್ ಮಿ ಮತ್ತು ಮಾರ್ಕ್ ಚಾವ್ ಅದರಲ್ಲಿ ಜೋಡಿ. ಆ ಅಳು ಇನ್ನೂ ಆರಿರಲಿಲ್ಲ, ಅದೇ ವರ್ಷದ ಆಗಸ್ಟ್‌ನಲ್ಲಿ ಲಿಯು ಯಿಫೆಯ್, ಯಾಂಗ್ ಯಾಂಗ್ ಜೋಡಿಯ ಸಿನಿಮಾ ಬಂತು. ಅದೇ ಕಥೆ, ಎರಡು ಗಂಟೆಗೂ ಕಡಿಮೆ. ಹಾಗಾಗಿ ಥಿಯೇಟರಿನಲ್ಲಿ ಪಕ್ಕಪಕ್ಕ ಕೂತಿದ್ದವರಲ್ಲಿ ಒಬ್ಬರು ಕಾದಂಬರಿ ಓದಿದವರು, ಒಬ್ಬರು ಸರಣಿ ನೋಡಿದವರು, ಇನ್ನೊಬ್ಬರು ಸುಮ್ನೆ ಯಾಂಗ್ ಯಾಂಗ್ ಮುಖ ನೋಡೋಕೆ ಬಂದವರು, ಮತ್ತೊಬ್ಬರು ಏನೂ ಗೊತ್ತಿಲ್ಲದೆ ಟಿಕೆಟ್ ತಗೊಂಡವರು. ಇವರೆಲ್ಲರ ಮಾತನ್ನು ಒಂದೇ ರಾಶಿಗೆ ಸುರಿದರೆ ಏನು ಸಿಗುತ್ತದೆ ಹೇಳು?

ಒಂದು ಸನ್ನಿವೇಶ ತಗೋ. ಬಾಯ್ ಚಿಯೆನ್ ಒಂಬತ್ತು ಬಾಲದ ನರಿ, ಚಿಂಗ್‌ಚಿಯು ಅನ್ನುವ ನಾಡಿನ ರಾಣಿ. ಪೂರ್ವ ಸಮುದ್ರದ ಅರಮನೆಯ ಔತಣಕ್ಕೆ ಹೋಗುತ್ತಾಳೆ. ಹೆಚ್ಚು ಬೆಳಕು ಅವಳ ಕಣ್ಣಿಗೆ ಆಗುವುದಿಲ್ಲ, ಅದಕ್ಕೇ ಬಿಳಿ ರೇಷ್ಮೆ ಪಟ್ಟಿ ಕಟ್ಟಿಕೊಂಡಿರುತ್ತಾಳೆ. ಅಲ್ಲಿ ಒಂದು ಪುಟ್ಟ ಹುಡುಗ ಬಂದು ಅವಳನ್ನು ಅಮ್ಮಾ ಅಂತ ಕರೆಯುತ್ತಾನೆ. ಅವಳಿಗೋ ಮದುವೆಯೇ ಆಗಿಲ್ಲ, ಕನಿಷ್ಠ ಅವಳಿಗೆ ನೆನಪಿರುವ ಮಟ್ಟಿಗೆ! ಏನೂ ಗೊತ್ತಿಲ್ಲದೆ ಬಂದವರಿಗೆ ಇದು ಮುದ್ದಾದ ತಮಾಷೆ. ಸರಣಿ ನೋಡಿದವರಿಗೆ ಗಂಟಲು ಕಟ್ಟುತ್ತದೆ. ಯಾಕೆಂದರೆ ಅವಳು ಸು ಸು ಅನ್ನುವ ಹೆಸರಲ್ಲಿ ಮನುಷ್ಯಳಾಗಿ ಬಾಳಿದ್ದು, ದೇವಲೋಕದ ಯುವರಾಜ ಯೆ ಹುವಾನನ್ನು ಕೈಹಿಡಿದದ್ದು, ಅವಳ ಕಣ್ಣು ಕಿತ್ತದ್ದು, ಕಿತ್ತವನು ಆ ಯೆ ಹುವಾನೇ ಆಗಿದ್ದು, ಹೆತ್ತ ಮಗುವನ್ನು ಬಿಟ್ಟು ಅವಳು ದೇವಲೋಕದ ಕಟ್ಟೆಯಿಂದ ಕೆಳಕ್ಕೆ ಹಾರಿದ್ದು, ಎಲ್ಲವನ್ನೂ ಅವರು ಕಂತು ಕಂತಾಗಿ ನೋಡಿಕೊಂಡು ಬಂದಿದ್ದಾರೆ. ಹುಡುಗ ಅಮ್ಮನನ್ನು ಗುರುತು ಹಿಡಿಯುವುದಕ್ಕೂ ಕಾರಣ ಆ ಪಟ್ಟಿಯೇ. ಅಪ್ಪನ ಕೋಣೆಯ ಚಿತ್ರದಲ್ಲಿರುವ ಹೆಂಗಸಿನ ಕಣ್ಣಿಗೂ ಅಂಥದೇ ಪಟ್ಟಿ.

ಈಗ ನೀನು ಹೆಕ್ಕಿ ತಂದ ಎರಡು ಮಾತು ನೋಡು. ಒಬ್ಬರು “ಭಾವನೆಯೇ ಇಲ್ಲ” ಅನ್ನುತ್ತಾರೆ, ಇನ್ನೊಬ್ಬರು “ಅತ್ತುಬಿಟ್ಟೆ” ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅತ್ತವರು ಸರಣಿಯಿಂದ ತಂದ ಕಣ್ಣೀರನ್ನು ಇಲ್ಲಿ ಖರ್ಚು ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಹಾಗಾದರೆ ಸಿನಿಮಾ ತಾನೇ ದುಡಿದದ್ದು ಎಷ್ಟು? ಲೇಖನ ಶುರುವಾಗಬೇಕಿರುವುದು ಈ ಪ್ರಶ್ನೆಯಿಂದ. ನೀನು ಇದರ ಹತ್ತಿರ ಬಂದು ಪಕ್ಕಕ್ಕೆ ಸರಿದುಬಿಟ್ಟಿದ್ದೀಯ.

ಅಂಕಿಗಳ ಪ್ಯಾರಾ ಅರ್ಧಕ್ಕೆ ಇಳಿಸು. ನೋಡುಗರು ಅಂಕ ಕೊಡುವ ಚೀನಾದ ಜಾಲತಾಣ ದೌಬಾನ್‌ನಲ್ಲಿ ಈ ಸಿನಿಮಾಗೆ 10ಕ್ಕೆ 4ರ ಆಸುಪಾಸು ಅಂಕ ಅನ್ನುವುದು ನಿಜ. 50 ಕೋಟಿ ಯುವಾನ್‌ಗಿಂತ ಜಾಸ್ತಿ ಗಳಿಸಿತು ಅನ್ನುವುದೂ ನಿಜ, ಅದೂ ‘ವುಲ್ಫ್ ವಾರಿಯರ್ 2’ ಅನ್ನುವ ಹೊಡೆದಾಟದ ಸಿನಿಮಾ ಇಡೀ ದೇಶದ ಥಿಯೇಟರುಗಳನ್ನು ಆಕ್ರಮಿಸಿಕೊಂಡಿದ್ದ ಸಮಯದಲ್ಲಿ. ಆದರೆ ಕಾಸು ತಗೊಂಡು ಹೊಗಳುವ, ಕಾಸು ತಗೊಂಡು ತೆಗಳುವ ಪಡೆಗಳು ಅಲ್ಲಿ ಇವೆ ಅಂತ ಅಲ್ಲಿನವರಿಗೇ ಗೊತ್ತು. ಅಭಿಮಾನಿಗಳ ಜಗಳ ಬೇರೆ. ನಕ್ಷತ್ರ ಎಣಿಸಿ ಯಾವ ತೀರ್ಪಿಗೂ ಬರೋಕಾಗಲ್ಲ.

ತುಂಬಾ ಜನ ಹೇಳಿದ ಇನ್ನೊಂದು ಮಾತು, ಗ್ರಾಫಿಕ್ಸ್ ಜಾಸ್ತಿಯಾಯಿತು, ಜಾಹೀರಾತು ನೋಡಿದ ಹಾಗಾಯಿತು ಅಂತ. ಇದನ್ನು ನೀನು ಹಾಗೇ ಎತ್ತಿ ಬರೆದಿದ್ದೀಯ. ಒಂದು ಹೆಜ್ಜೆ ಮುಂದೆ ಹೋಗಬಹುದಿತ್ತು. ನಿರ್ದೇಶಕರು ಇಬ್ಬರು. ಜಾವ್ ಶಿಯಾವೋಡಿಂಗ್ ಮೂಲತಃ ಕ್ಯಾಮೆರಾಮನ್, ಹೆಸರಾಂತ ನಿರ್ದೇಶಕ ಜಾಂಗ್ ಯಿಮೋವ್ ಜೊತೆ ಮಾಡಿದ ಕೆಲಸಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕವರು. ಆಂಥೊನಿ ಲಾಮೊಲಿನಾರಾ ‘ಸ್ಪೈಡರ್‌ಮ್ಯಾನ್ 2’ರ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಗೆದ್ದವರು. ಇಬ್ಬರದೂ ಕಣ್ಣಿನ ಕಸುಬು. ಪೀಚ್ ಹೂವಿನ ತೋಟ ಗೋಡೆಗೆ ಹಾಕುವಷ್ಟು ಚೆಂದ ಬಂದು, ಅದೇ ತೋಟದಲ್ಲಿ ನಿಂತ ಇಬ್ಬರ ನಡುವೆ ಮಾತು ಹುಟ್ಟದೇ ಇದ್ದದ್ದು ಆಕಸ್ಮಿಕ ಅಲ್ಲ. ನೋಡುಗರು ನೋವು ಎಲ್ಲಿ ಅಂತ ಸರಿಯಾಗಿ ತೋರಿಸುತ್ತಾರೆ, ಕಾರಣ ಮಾತ್ರ ಬಹಳ ಸಲ ತಪ್ಪು ಹೇಳುತ್ತಾರೆ. ಗ್ರಾಫಿಕ್ಸ್ ಕಮ್ಮಿ ಮಾಡಿದ್ದರೆ ಈ ಸಿನಿಮಾ ಉಳಿಯುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಇನ್ನೊಂದು ಅರ್ಧ ಗಂಟೆ ಸು ಸು ಜೊತೆ ಇದ್ದಿದ್ದರೆ ಉಳಿಯುತ್ತಿತ್ತೇನೋ.

ವಯಸ್ಸಿನ ಬಗ್ಗೆ ಮಾಡಿರುವ ತಮಾಷೆ ಬೇಡ. ಬಾಯ್ ಚಿಯೆನ್‌ಗೆ 1 ಲಕ್ಷ 40 ಸಾವಿರ ವರ್ಷ, ಯೆ ಹುವಾನಿಗೆ 50 ಸಾವಿರ, ಹ್ಹಹ್ಹ ಅಂತ. ಕಥೆಯೇ ಆ ತಮಾಷೆ ಮಾಡಿ ಮುಗಿಸಿದೆ. ಕಿರಿಯರೆಲ್ಲ ಅವಳನ್ನು ಸೋದರತ್ತೆ ಅಂತಲೇ ಕರೆಯುತ್ತಾರೆ. ನರಿಯ ಬಗ್ಗೆ ಬರೆಯಬೇಕಾದರೆ ಅದಕ್ಕಿಂತ ಒಳ್ಳೆಯದು ಇದೆ. ‘ಶಾನ್ ಹಾಯ್ ಜಿಂಗ್’ ಅನ್ನುವ ಹಳೇ ಗ್ರಂಥದಲ್ಲಿ ಚಿಂಗ್‌ಚಿಯು ಬೆಟ್ಟದ ಒಂಬತ್ತು ಬಾಲದ ಪ್ರಾಣಿಗೆ ಎಳೆಮಗುವಿನ ದನಿ, ಮತ್ತು ಅದು ಮನುಷ್ಯರನ್ನು ತಿನ್ನುತ್ತದೆ. ಅಲ್ಲಿಂದ ಈ ಮೆತ್ತಗಿನ ರಾಣಿಯವರೆಗೆ ಬಂದ ದಾರಿ ಎಷ್ಟು ಉದ್ದ ನೋಡು.

ಇನ್ನು ಶಾಕುಂತಲದ ಹೋಲಿಕೆ. ತೆಗೆಯಬೇಡ, ಆದರೆ ಸರಿಯಾಗಿ ಮಾಡು. “ನಮ್ಮ ಶಾಕುಂತಲದ ಹಾಗೇ” ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಹಾಗೇ ಎಲ್ಲಿದೆ? ಕಾಳಿದಾಸನಲ್ಲಿ ಮರೆಯುವವನು ಗಂಡಸು, ಕಾರಣ ದೂರ್ವಾಸರ ಶಾಪ, ಉಂಗುರ ಸಿಕ್ಕಿದರೆ ಎಲ್ಲ ವಾಪಸ್. ಇಲ್ಲಿ ಮರೆಯುವವಳು ಹೆಂಗಸು, ಅದೂ ಮದ್ದು ಬಲ್ಲ ಗೆಳೆಯ ಜೆ ಯಾನ್ ಹತ್ತಿರ ತಾನೇ ಕೇಳಿ ಮದ್ದು ಕುಡಿದು. ಅವಳಿಗೆ ಆ ನೆನಪು ಬೇಡವಾಗಿತ್ತು. ಹಾಗಾಗಿ ನೆನಪು ಮರಳಿದಾಗ ಅವಳಿಗೆ ಬರುವುದು ಸಿಟ್ಟು. ನೋವು ಕೊಟ್ಟವರು ಇನ್ಯಾರೋ ಆಗಿದ್ದರೆ ದುಷ್ಯಂತನ ಹಾಗೆ ಕ್ಷಮಿಸು ಅಂದರೆ ಆಗುತ್ತಿತ್ತು. ಯೆ ಹುವಾನಿಗೆ ಆ ಅನುಕೂಲ ಇಲ್ಲ. ನೀನು ಹೆಕ್ಕಿದ ಅಷ್ಟೂ ಮಾತಿನಲ್ಲಿ ಅವನನ್ನು ಕ್ಷಮಿಸಬಾರದಿತ್ತು ಅಂದ ಒಬ್ಬಳೇ ಒಬ್ಬಳಿದ್ದಾಳಲ್ಲ, ಅವಳನ್ನು ಕೊನೆಯ ಪುಟದ ಮೂಲೆಯಲ್ಲಿ ಯಾಕೆ ಕೂರಿಸಿದೆ? ಮೇಲಕ್ಕೆ ತಾ. ಅವಳ ಜೊತೆ ಜಗಳ ಆಡು, ಇಲ್ಲಾ ಅವಳ ಪಕ್ಷ ವಹಿಸು.

ನಿನಗೆ ಸಿನಿಮಾ ಹೇಗನ್ನಿಸಿತು ಅಂತ ಇಡೀ ಲೇಖನದಲ್ಲಿ ಎಲ್ಲೂ ಇಲ್ಲ, ಗೊತ್ತಾ? ಅದನ್ನೂ ಸೇರಿಸಿ ಮುಂದಿನ ವಾರದೊಳಗೆ ಕಳಿಸು. ಲಿಯು ಯಿಫೆಯ್ ಸೀರೆ ಉಟ್ಟರೆ ಹೇಗಿರುತ್ತಿದ್ದಳು ಅನ್ನುವ ಆ ಪ್ಯಾರಾ ಮಾತ್ರ ದಯವಿಟ್ಟು ತೆಗೆದು ಕಳಿಸು.

ನಿನ್ನ,
ಅಕ್ಕ