ಮೊದಲು ಎಷ್ಟು ಎಂ.ಎಂ. ಉಳಿದಿದೆ ಕೇಳು

ವಿಜಯಪುರ

ಚಿ. ತಂಗೆವ್ವಳಿಗೆ ನಿನ್ನವ್ವ ಮಾಡುವ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನಾನು ನೆಟ್ಟಗೆ ಮಾತಾಡಲಿಲ್ಲ. ಅಂಗಡಿ ಮುಚ್ಚುವ ಹೊತ್ತು, ಎದುರಿಗೆ ಇಬ್ಬರು ಗಿರಾಕಿ ನಿಂತಿದ್ದರು. ಆದರೆ ನೀನು ಕೇಳಿದ್ದು ಮಲಗಿದ ಮೇಲೂ ತಲೆಯೊಳಗೇ ಇತ್ತು. "ಅವ್ವಾ, ಶೋರೂಮಿನವ್ರು ಕಾರಿನ ಬ್ರೇಕಿಗೆ 14,200 ಅಂತಾರ. ಪ್ಯಾಡ್ ನಿನ್ನ ಅಂಗಡ್ಯಾಗ ಅದಾವ. ಜಾತ್ರಿಗೆ ಬಂದಾಗ ವಿಡಿಯೋ ನೋಡ್ಕೊಂತ ನಾನೇ ಹಾಕಿದ್ರ ಏನಾಗ್ತದ?"

ನೀನು ಕಳಿಸಿದ ಎಸ್ಟಿಮೇಟಿನ ಫೋಟೋ ದೊಡ್ಡದು ಮಾಡಿ ಓದಿದೆ. ಮುಂದಿನ ಪ್ಯಾಡ್, ಮುಂದಿನ ಎರಡೂ ಡಿಸ್ಕ್, ಬ್ರೇಕ್ ಆಯಿಲ್ ಬದಲಿ, ಹಿಂದಿನ ಡ್ರಮ್ ಬಿಚ್ಚಿ ಶೂ ಸ್ವಚ್ಛ ಮಾಡುವುದು. ಇವು ನಾಲ್ಕೂ ಬೇರೆ ಬೇರೆ ಕೆಲಸ, ತಂಗೀ. ಎಲ್ಲ ಕೂಡಿಸಿ ಕೆಳಗೆ ಒಂದು ಮೊತ್ತ ಬರೆದಿದ್ದಕ್ಕೆ ನೀನು ಹೆದರಿ, ಎಲ್ಲವನ್ನೂ ನಾನೇ ಮಾಡುತ್ತೇನೆ ಎಂದು ಹೊರಟೆ. ನಿನ್ನ ಪಗಾರದಲ್ಲಿ ಅಷ್ಟು ರೊಕ್ಕ ತೆಗೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದೆ. ಆದರೂ ಒಂದೊಂದಾಗಿ ಬಿಡಿಸಿ ನೋಡಬೇಕು.

ಆ ಹಾಳೆಯಲ್ಲಿ ಇರಬೇಕಾದ ಒಂದು ಸಂಖ್ಯೆಯೇ ಇಲ್ಲ. ಹೊಸ ಪ್ಯಾಡಿನಲ್ಲಿ, ಗಾಲಿಯ ಜೊತೆ ತಿರುಗುವ ಡಿಸ್ಕಿಗೆ ಉಜ್ಜುವ ಪದರ ಸುಮಾರು 10 ಎಂ.ಎಂ. ಇರುತ್ತದೆ. ಸವೆದು 3 ಎಂ.ಎಂ.ಗೆ ಬಂತೆಂದರೆ ಬದಲಿಸಲೇಬೇಕು. ನಿನ್ನದು ಎಷ್ಟು ಉಳಿದಿದೆ? ಬ್ರೇಕ್ ಒತ್ತಿದಾಗ ಕೀಂಯ್ ಅನ್ನುತ್ತದೆ ಅಂದೆಯಲ್ಲ, ಕೆಲವು ಪ್ಯಾಡಿಗೆ ಅದಕ್ಕೆಂದೇ ಸಣ್ಣ ತಗಡಿನ ನಾಲಿಗೆ ಕೂಡಿಸಿರುತ್ತಾರೆ. ಸವೆತ ಮಿತಿಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ದೂಳು ಕೂತರೂ ಒಮ್ಮೊಮ್ಮೆ ಸದ್ದು ಬರುವುದುಂಟು. ಆದ್ದರಿಂದ ಸದ್ದಿನ ಮೇಲೆ ತೀರ್ಮಾನ ಮಾಡಬೇಡ, ಅಳತೆ ಕೇಳು. ಡಿಸ್ಕಿಗೂ ಅಷ್ಟೆ. ಇದಕ್ಕಿಂತ ತೆಳ್ಳಗಾಗಬಾರದು ಎಂಬ ಅಳತೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಒತ್ತಿರುತ್ತಾರೆ. ಗಾಲಿ ಬಿಚ್ಚಿದಾಗ ಪಕ್ಕದಲ್ಲಿ ನಿಂತು "ಅಳದು ತೋರಸ್ರಿ" ಅನ್ನು. ಮಿತಿಯೊಳಗಿದ್ದು ಗೆರೆ ಬಿದ್ದಿರದಿದ್ದರೆ, ಓಡಿಸುವಾಗ ಪೆಡಲ್ ನಡುಗದಿದ್ದರೆ, ಡಿಸ್ಕ್ ಯಾಕೆ ಬದಲಿಸಬೇಕು ಎಂದು ಕೇಳಲು ಸಂಕೋಚ ಪಡಬೇಡ.

ಇನ್ನು ನೀನೇ ಹಾಕುವ ಮಾತು. ನಿನಗೆ ಹೇಳಿಲ್ಲದ ಒಂದು ಸಂಗತಿ ಇದೆ. ನೀನು ಹಾಸ್ಟೆಲಿನಲ್ಲಿದ್ದ ವರ್ಷ ಒಬ್ಬ ಹುಡುಗ ಪ್ಯಾಡ್ ಒಯ್ದ. ಓದಿದ ಹುಡುಗ, ಬಾಕ್ಸಿನ ಮೇಲಿನ ಪಾರ್ಟ್ ನಂಬರು ಎರಡು ಸಲ ನೋಡಿ ರೊಕ್ಕ ಕೊಟ್ಟ. ಎಂಟು ದಿನಕ್ಕೆ ತಿರುಗಿ ಬಂದು, "ಅಕ್ಕಾರ, ಮಾಲು ಡುಪ್ಲಿಕೇಟ್ ಐತಿ, ಕರ್ ಕರ್ ಅಂತೈತಿ" ಅಂದ. ಅಂಗಡಿಯ ಹಿಂದಿನ ಗ್ಯಾರೇಜಿನ ಚಾಚಾ ಗಾಲಿ ಬಿಚ್ಚಿದರು. ಒಳಬದಿಯ ಪ್ಯಾಡ್ ತಿರುಗಿ ಕೂತಿತ್ತು. ಉಜ್ಜುವ ಪದರ ಪ್ಯಾಡನ್ನು ಒತ್ತುವ ಪಿಸ್ಟನ್ ಕಡೆಗೆ, ಕಬ್ಬಿಣದ ಬೆನ್ನು ಡಿಸ್ಕಿನ ಕಡೆಗೆ! ಚಾಚಾ ಆ ಡಿಸ್ಕ್ ತಂದು ಕೌಂಟರಿನ ಮೇಲಿಟ್ಟರು. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ, ಅಂಚಿನಲ್ಲಿ ನೀಲಿ ಕಲೆ. ಆ ಹುಡುಗ ಎಂಟು ದಿನವೂ ಹೆಂಡತಿ, ಕೂಸನ್ನು ಕೂರಿಸಿಕೊಂಡು ಓಡಾಡಿದ್ದ. ಮಾಲು ಕೊಟ್ಟವಳು ನಾನು. ಯಾರು ಹಾಕುತ್ತಾರೆ ಎಂದು ಒಂದು ಮಾತು ಕೇಳಿರಲಿಲ್ಲ. ಅಂದಿನಿಂದ ಕೇಳದೆ ಒಂದು ಸೆಟ್ಟೂ ಕೊಟ್ಟಿಲ್ಲ.

ಹಾಗಂತ ನಿನ್ನ ಕೈಲಿ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ಯಾಡ್ ಬದಲಿಸುವುದು ಕಲಿಯಬಹುದಾದ ಕೆಲಸ, ನೀನು ಕಲಿಯಬೇಕು ಎಂದೇ ನನ್ನ ಆಸೆ. ಆದರೆ ಮೊದಲ ಸಲ ಚಾಚಾ ಪಕ್ಕದಲ್ಲಿ ನಿಂತಿರಬೇಕು, ಅವರ ಗ್ಯಾರೇಜಿನ ಗಟ್ಟಿ ನೆಲದ ಮೇಲೆಯೇ ಆಗಬೇಕು. ಡಿಕ್ಕಿಯಲ್ಲಿರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಅದೊಂದನ್ನೇ ನಂಬಿ ಕೆಲಸಕ್ಕೆ ಕೂರಬಾರದು, ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಬಿಚ್ಚಿದ ಕ್ಯಾಲಿಪರನ್ನು, ಅಂದರೆ ಪ್ಯಾಡ್ ಹಿಡಿದಿರುವ ಭಾಗವನ್ನು, ಬ್ರೇಕ್ ಆಯಿಲಿನ ಪೈಪಿನ ಮೇಲೆ ಜೋತು ಬಿಡದೆ ತಂತಿಯಿಂದ ಕಟ್ಟಬೇಕು. ಒಂದು ಬದಿ ಬದಲಿಸಿದರೆ ಇನ್ನೊಂದು ಬದಿಯೂ ಆಗಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಕಡೆಗೆ ಬರುತ್ತದೆ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಒಳಗೆ ತಳ್ಳಿರುತ್ತೇವೆ. ಗಾಡಿ ಚಾಲೂ ಮಾಡಿ ಹಾಗೇ ಹೊರಟರೆ ಮೊದಲ ಸಲ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತಲ್ಲೇ ಪೆಡಲ್ ಮೇಲಿಂದ ಮೇಲೆ ಒತ್ತಿ, ಕಾಲಿಗೆ ಗಟ್ಟಿಯಾಗಿ ಸಿಕ್ಕ ಮೇಲೆಯೇ ಗಾಲಿ ಉರುಳಬೇಕು.

ಬ್ರೇಕ್ ಆಯಿಲ್, ಹಿಂದಿನ ಡ್ರಮ್ ಇವೆರಡಕ್ಕೆ ನೀನು ಕೈ ಹಚ್ಚಬೇಡ. ಡ್ರಮ್ಮಿನೊಳಗೆ ಸ್ಪ್ರಿಂಗು, ಹ್ಯಾಂಡ್‌ಬ್ರೇಕಿನ ಕೇಬಲ್ಲು ಎಲ್ಲ ಇಕ್ಕಟ್ಟಿನಲ್ಲಿರುತ್ತವೆ. ಆಯಿಲ್ ಬದಲಿಸುವಾಗ ಲೈನಿನಲ್ಲಿ ಗಾಳಿ ಸೇರಿದರೆ ತೆಗೆಯುವುದು ತ್ರಾಸಿನ ಕೆಲಸ, ಗಾಲಿ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಇರುವ ಗಾಡಿಗೆ ಒಮ್ಮೊಮ್ಮೆ ಸ್ಕ್ಯಾನರೂ ಬೇಕಾಗುತ್ತದೆ. ಶೋರೂಮಿನವರು ಆಯಿಲ್ ಬದಲಿಸಿ ಎಂದದ್ದು ಸುಳ್ಳಲ್ಲ. ಆ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಅದರಲ್ಲೂ ನಿಮ್ಮ ಬೆಳಗಾವಿ ಮಳೆ ನೋಡು. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ರಜೆ ಸಿಕ್ಕರೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವಳು ನೀನು. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಒಳಗೆ ಆವಿಯಾಗುತ್ತದೆ, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಈ ಎರಡು ಕೆಲಸದ ರೊಕ್ಕ ಅಲ್ಲಿಯೇ ಕೊಟ್ಟುಬಿಡು. ಕಡಿಮೆ ಬಿದ್ದರೆ ನಾನು ಹಾಕುತ್ತೇನೆ.

ನನಗೆ ನಿದ್ದೆ ಬರದಂತೆ ಮಾಡಿದ್ದು ಇದ್ಯಾವುದೂ ಅಲ್ಲ, ನೀನು ಬರುವ ದಾರಿ. ಯರಗಟ್ಟಿ, ಲೋಕಾಪುರ, ಮುಧೋಳ, ಜಮಖಂಡಿ. ಈಗ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಕತ್ತಲಲ್ಲಿ ಕಬ್ಬಿನ ತುದಿ ಕಾಣುವ ಹೊತ್ತಿಗೆ ಗಾಡಿ ಅದರ ಬುಡಕ್ಕೇ ಬಂದಿರುತ್ತದೆ. ಸವೆದ ಪ್ಯಾಡ್ ಇಟ್ಟುಕೊಂಡು ಆ ರಸ್ತೆಗೆ ಇಳಿಯುವುದು ಬೇಡ. ನಾಳೆಯೇ ಹೋಗಿ ಅಳೆಸು. ನಾಲ್ಕೂ ಪ್ಯಾಡಿನಲ್ಲಿ 5 ಎಂ.ಎಂ. ಇದ್ದರೆ ಹಗಲು ಹೊತ್ತಿನಲ್ಲಿ ನಿಧಾನ ಬಾ, ಸಿದ್ಧೇಶ್ವರ ಜಾತ್ರೆಯ ಮರುದಿನ ಚಾಚಾ ಎದುರಿಗೆ ನೀನೇ ಹಾಕುವೆಯಂತೆ. ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಕರ್ ಕರ್ ಸದ್ದು ಶುರುವಾಗಿದ್ದರೆ, ಪ್ಯಾಡೂ ಅಲ್ಲಿಯೇ ಹಾಕಿಸು, ಹಳೆಯದನ್ನು ಕೇಳಿ ಇಸಿದುಕೋ. ಆಗದಿದ್ದರೆ ಬಸ್ಸಿಗೆ ಬಾ. ಕಲಿಯುವುದು ಮುಂದಿನ ಸಲವಾದರೂ ಆದೀತು.

ಆರ್.ಸಿ. ಕಾರ್ಡಿನ ಫೋಟೋ ಕಳಿಸು. ಒಂದೇ ಮಾಡೆಲ್ಲಿಗೆ ವರ್ಷ ಬದಲಾದರೆ ಪ್ಯಾಡೂ ಬದಲಾಗಬಹುದು, ಚಾಸಿ ನಂಬರು ನೋಡಿಯೇ ತೆಗೆದಿಡಬೇಕು. ಅಳತೆ ಗೊತ್ತಾದ ಕೂಡಲೇ ಫೋನ್ ಮಾಡು, ಗಿರಾಕಿ ಇದ್ದರೂ ಎತ್ತುತ್ತೇನೆ.

ನಿನ್ನವ್ವ