ನಾವು ಎನ್ನುವ ಮಾತು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಯುಗಾದಿ ಮುಗಿದು ಶುಭ ಶುಕ್ರವಾರ ಹತ್ತಿರ ಬಂದಿರುತ್ತದೆ. ಹಬ್ಬದ ಫೋಟೊಗಳು ಒಳಪುಟಗಳಲ್ಲಿವೆ, ಮಕ್ಕಳ ಕೋಲಾಟದ್ದನ್ನು ತಪ್ಪದೆ ನೋಡಿ. ನಮ್ಮ ಕನ್ನಡ ಸಂಘದಲ್ಲಿ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಆದರೂ ಈ ಸಲ ನೋವಿನ ಬಗ್ಗೆ, ಶಿಲುಬೆಯ ಬಗ್ಗೆ ಬರೆಯಬೇಕು ಅನ್ನಿಸಿತು. ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಕಿಡ್ನಿ ಕೆಟ್ಟು, ಯಂತ್ರದಿಂದ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಶುರುವಾಗಿ ಎರಡು ವರ್ಷವಾಯಿತು.

ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಸೂಜಿ ಚುಚ್ಚಲು ಅನುಕೂಲವಾಗಲಿ ಅಂತ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಫಿಸ್ಟುಲಾ ಅಂತಾರೆ. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗಿರುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡುತ್ತೇನೆ. ಗುಂಯ್ ಅಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಎಳನೀರು ಬಿಟ್ಟೆ, ಬಾಳೆಹಣ್ಣು ಬಿಟ್ಟೆ. ಚೊಂಬು ಎತ್ತಿ ಗಟಗಟ ನೀರು ಕುಡಿಯುವ ಸುಖವನ್ನೂ ಬಿಟ್ಟೆ. ಈಗ ನೀರನ್ನು ಅಳೆದು ಕುಡಿಯಬೇಕು.

ಮೊದಲ ವರ್ಷ ನೋಡಲು ಬಂದವರೆಲ್ಲ ಏನಾದರೂ ಸಮಾಧಾನ ಹೇಳುತ್ತಿದ್ದರು. "ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡೋದು." "ನಿಮ್ಮ ಪಾಲಿನ ಶಿಲುಬೆ ಇದು, ಹೊತ್ಕೊಳ್ಳಿ." ಬೇರೆ ಮನೆಯವರಾದರೆ "ಪಡೆದುಕೊಂಡು ಬಂದದ್ದು" ಅನ್ನುತ್ತಿದ್ದರು. ಎಲ್ಲ ಒಳ್ಳೆ ಮನಸ್ಸಿನ ಮಾತುಗಳೇ. ಆದರೆ ಅವರು ಹೋದ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅವರ ಮೇಲಷ್ಟೇ ಅಲ್ಲ, ದೇವರ ಮೇಲೂ. ಜಪಸರ ಕೈಗೆ ತೆಗೆದುಕೊಂಡರೆ ಮಾತೇ ಹೊರಡುತ್ತಿರಲಿಲ್ಲ.

ಆಗ ಬೈಬಲ್‌ನಲ್ಲಿ ಯೋಬನ ಕಥೆಯನ್ನು ಮತ್ತೆ ಓದಿದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನು ಯೋಬ. ಅವನನ್ನು ನೋಡಲು ಬಂದ ಮೂವರು ಸ್ನೇಹಿತರು ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆ ಸ್ನೇಹಿತರೇ. ಬಾಯಿ ತೆರೆದು, ಇದೆಲ್ಲ ಯಾಕೆ ಬಂತು ಅಂತ ಕಾರಣ ಹೇಳಲು ಹೊರಟ ಮೇಲೆ ಕೆಟ್ಟಿತು. ಕೊನೆಗೆ ದೇವರು ಕೋಪಿಸಿಕೊಂಡದ್ದು ದೇವರ ಪರವಾಗಿ ವಾದ ಮಾಡಿದ ಆ ಮೂವರ ಮೇಲೆ. ದೇವರ ಜೊತೆ ಜಗಳಕ್ಕೆ ನಿಂತ ಯೋಬನೇ ಸರಿಯಾಗಿ ಮಾತಾಡಿದ್ದಾನೆ ಎಂದು ದೇವರೇ ಹೇಳಿಬಿಟ್ಟ!

ಯೇಸುಸ್ವಾಮಿಯೂ ನೋವು ಒಳ್ಳೆಯದು ಅಂತ ಎಲ್ಲೂ ಹೇಳಲಿಲ್ಲ. ರೋಗಿಗಳು ಎದುರಿಗೆ ಬಂದರೆ ಗುಣಪಡಿಸಿದರು, ಅಷ್ಟೇ. ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ, ಸಾಧ್ಯವಿದ್ದರೆ ಈ ನೋವಿನ ಪಾತ್ರೆ ನನ್ನಿಂದ ದೂರ ಹೋಗಲಿ ಎಂದು ಬೇಡಿಕೊಂಡರು. ಶಿಲುಬೆಯ ಮೇಲೆ, ದೇವರೇ ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿದರು. ಇದನ್ನು ಚಿಕ್ಕಂದಿನಿಂದ ಪ್ರತಿ ಶುಭ ಶುಕ್ರವಾರ ಕೇಳಿದ್ದೆ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತ ಮೇಲೆ ಅದು ನನ್ನದೇ ಮಾತು ಅನ್ನಿಸಿತು.

ಹಾಗಾದರೆ ನೋವಿನಿಂದ ಮನುಷ್ಯ ಬೆಳೆಯುವುದು ಅಂದರೆ ಏನು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂತ ಡೇಮಿಯನ್ ನೆನಪಾಗುತ್ತಾರೆ. ಬೆಲ್ಜಿಯಂನ ರೈತನ ಮಗ, ಪಾದ್ರಿ. 1873ರ ಮೇ 10ರಂದು ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದಾಗ ವಯಸ್ಸು 33. ಹವಾಯಿ ರಾಜ್ಯ 1865ರಲ್ಲಿ ಕಾನೂನು ಮಾಡಿ, ಕುಷ್ಠರೋಗಿಗಳನ್ನು ಮನೆಯವರಿಂದ ಬಿಡಿಸಿ ಅಲ್ಲಿಗೆ ಸಾಗಿಸುತ್ತಿತ್ತು. ರೋಗಿಗಳನ್ನು ಇಟ್ಟಿದ್ದ ಜಾಗದ ಮೂರು ಕಡೆ ಸಮುದ್ರ, ನಾಲ್ಕನೇ ಕಡೆ ಗೋಡೆಯಂಥ ಬೆಟ್ಟ. ಡೇಮಿಯನ್ ಹುಣ್ಣುಗಳನ್ನು ತೊಳೆದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ವಾಸನೆ ತಡೆಯಲಾಗದೆ ಪೈಪ್ ಸೇದುವುದನ್ನು ಕಲಿತರು. ಸಿಟ್ಟಿನ ಸ್ವಭಾವ, ಹಟಮಾರಿ, ಮೇಲಿನವರ ಜೊತೆ ತಿಕ್ಕಾಟ ತಪ್ಪಿದ್ದಲ್ಲ. ಪಾಪನಿವೇದನೆ, ಅಂದರೆ ಪಾದ್ರಿಯ ಮುಂದೆ ತಪ್ಪೊಪ್ಪಿಗೆ, ಮಾಡಲು ಇನ್ನೊಬ್ಬ ಪಾದ್ರಿ ಹತ್ತಿರದಲ್ಲಿರಲಿಲ್ಲ. ಒಮ್ಮೆ ಅವರ ಹಿರಿಯ ಗುರುಗಳು ಹಡಗಿನಲ್ಲಿ ಬಂದರು. ಅವರನ್ನು ಕೆಳಗಿಳಿಯಲು ಬಿಡಲಿಲ್ಲ, ಇವರನ್ನು ಹತ್ತಿಸಿಕೊಳ್ಳಲಿಲ್ಲ. ಡೇಮಿಯನ್ ದೋಣಿಯಲ್ಲಿ ನಿಂತು, ಎಲ್ಲರೆದುರು, ತಮ್ಮ ಪಾಪಗಳನ್ನು ಮೇಲಕ್ಕೆ ಕೂಗಿ ಹೇಳಿದರು. ಆ ಒಂಟಿತನ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

1884ರ ಡಿಸೆಂಬರ್‌ನಲ್ಲಿ ಕಾಲಿಗೆ ಬಿಸಿನೀರಿನ ಶಾಖ ಕೊಡಲು ಹೋದರು. ನೀರು ಕುದಿಯುವಷ್ಟು ಬಿಸಿ. ಚರ್ಮ ಬೊಬ್ಬೆ ಎದ್ದಿತು, ಆದರೆ ಉರಿಯೇ ಗೊತ್ತಾಗಲಿಲ್ಲ. ಕುಷ್ಠ ಚರ್ಮದ ಸ್ಪರ್ಶವನ್ನೇ ಕೊಂದುಹಾಕುತ್ತದೆ. ರೋಗ ತಮಗೂ ಬಂದಿದೆ ಎಂದು ತಿಳಿದದ್ದು ಹಾಗೆ.

ಆ ಮೇಲೆ ಅವರು ಪ್ರವಚನದಲ್ಲಿ "ನಾವು ಕುಷ್ಠರೋಗಿಗಳು" ಅಂದರು ಅಂತ ನಮ್ಮ ಧರ್ಮೋಪದೇಶದ ಟೀಚರ್ ಹೇಳುತ್ತಿದ್ದರು. ದೊಡ್ಡವಳಾದ ಮೇಲೆ ನಿಜ ತಿಳಿಯಿತು. ಅದು ಇನ್ನೂ ದೊಡ್ಡದು. 1873ರ ನವೆಂಬರ್‌ನಲ್ಲಿ, ಹೋಗಿ ಆರು ತಿಂಗಳಾಗಿತ್ತಷ್ಟೇ, ಅಣ್ಣನಿಗೆ ಬರೆದ ಕಾಗದದಲ್ಲೇ, ಪ್ರವಚನ ಕೊಡುವಾಗ ನಾನು "ನಾವು ಕುಷ್ಠರೋಗಿಗಳು" ಎನ್ನುತ್ತೇನೆ ಎಂದು ಬರೆದಿದ್ದಾರೆ. ಮೈಯಲ್ಲಿ ಒಂದು ಮಚ್ಚೆಯೂ ಇಲ್ಲದಾಗ. ಆ ಮಾತನ್ನು ಮೊದಲು ಅವರೇ ಆರಿಸಿಕೊಂಡರು. ಹನ್ನೊಂದು ವರ್ಷದ ಮೇಲೆ ಮೈ ಅದನ್ನು ನಿಜ ಮಾಡಿತು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಸೋಮವಾರ, 1889ರ ಏಪ್ರಿಲ್ 15ರಂದು ತೀರಿಕೊಂಡರು. ಆಗ 49 ವರ್ಷ. 2009ರಲ್ಲಿ ಸಂತ ಪದವಿ ಬಂತು.

ನನ್ನದು ಉಲ್ಟಾ. ನನಗೆ ರೋಗ ಮೊದಲು ಬಂತು, ಆ ಮಾತು ಬಾಯಿಗೆ ಬರಲು ಒಂದೂವರೆ ವರ್ಷ ಬೇಕಾಯಿತು. ಅಷ್ಟು ದಿನ ಎಲ್ಲ "ನನಗೇ ಯಾಕೆ". ಪಕ್ಕದ ಕುರ್ಚಿಗಳಲ್ಲಿ ಇದ್ದವರ ಮುಖ ಸರಿಯಾಗಿ ನೋಡಿರಲಿಲ್ಲ. ನೋವು ತಾನಾಗಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ನನ್ನನ್ನಂತೂ ಇನ್ನೂ ಮುದುಡಿಸಿತ್ತು. ನನ್ನೊಬ್ಬಳದು ಅಂದುಕೊಂಡ ನೋವಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿದ ಮೇಲೆಯೇ ಪ್ರಾರ್ಥನೆ ವಾಪಸ್ ಬಂತು. ಅದಕ್ಕೆ ನಾನು ಕೃಪೆ ಅಂತೀನಿ. ನೀವು ಬೇರೆ ಹೆಸರಿಟ್ಟುಕೊಳ್ಳಬಹುದು.

ಕಳೆದ ತಿಂಗಳು ನಮ್ಮ ಸೆಂಟರ್‌ಗೆ ದಾವಣಗೆರೆ ಕಡೆಯ ಒಬ್ಬ ಹುಡುಗ ಬಂದ. ಮೂವತ್ತು ದಾಟಿರಬಹುದು. ಸೂಜಿ ನೋಡಿ ಮುಖ ಬಿಳಿಚಿಕೊಂಡಿತ್ತು. ಕನ್ನಡ ಕೇಳಿ ಹತ್ತಿರ ಬಂದು ಕೂತ. ಏನೂ ಸಮಾಧಾನ ಹೇಳಬಾರದು ಎಂದು ಬಾಯಿ ಕಟ್ಟಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಸ್ವೆಟರ್ ತೋಳು ಮೇಲೆ ಮಾಡಿ, "ಇಲ್ಲಿ ಮುಟ್ಟಿ ನೋಡಪ್ಪ" ಅಂದೆ.

ಎರಡು ಬೆರಳಿಟ್ಟ. ಒಳಗಿನ ಗುಂಯ್ ಕೈಗೆ ತಗಲಿ ಬೆಚ್ಚಿದ. ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡ. ಪಾಸ್ಕದ, ಅಂದರೆ ಈಸ್ಟರ್ ಹಬ್ಬದ, ಮರುವಾರ ಚರ್ಚಿನಲ್ಲಿ ಯೇಸುವಿನ ಶಿಷ್ಯ ತೋಮನ ಕಥೆ ಓದುತ್ತಾರೆ. ಸತ್ತು ಎದ್ದು ಬಂದ ಮೇಲೂ ಯೇಸುಸ್ವಾಮಿಯ ಮೈಮೇಲೆ ಮೊಳೆಯ ಗಾಯಗಳು ಇದ್ದವು, ಅದನ್ನೇ ತೋಮನಿಗೆ ಮುಟ್ಟು ಅಂದರು. ಅದು ನೆನಪಾಯಿತು, ಹುಡುಗನಿಗೆ ಹೇಳಲಿಲ್ಲ.

"ಅಕ್ಕಾ, ಬಾಳೆಹಣ್ಣು ಒಂದೂ ತಿನ್ನೋ ಹಾಗಿಲ್ವಾ?" ಅಂತ ಕೇಳಿದ.

"ನಮಗೆ ಅದು ಆಗಲ್ಲಪ್ಪ," ಅಂದೆ. "ಸೇಬು ತಿನ್ನೋಣ."